ಕಾಯಂ ವಿಳಾಸ

ತಿಂಗಳ ಕೊನೆಗೆ ನನ್ನ ಕೆಲಸ ಕಪಾಟು ಸೋಸುವುದು.
ಕೊಂಢವಾದ ಈ ಔಷಧಿ ಅಂಗಡಿಯಲ್ಲಿ
ಒಂದೊಂದೇ ಪಟ್ಟಿ ತಿರುವಿ, ಬೆಳಕಿಗೆ ಹಿಡಿದು,
ತಾರೀಖು ಮೀರಿದ್ದನ್ನು ಕೆಂಪು ಡಬ್ಬಿಗೆ ಹಾಕುತ್ತೇನೆ.
ಮೀರಿದ್ದೆಲ್ಲ ವಿಷವಾಯಿತೆಂದಲ್ಲ,
ಕಂಪನಿ ಇನ್ನು ಹೊಣೆ ಹೊರುವುದಿಲ್ಲ, ಅಷ್ಟೆ.
ಗಿರಾಕಿಗಳಿಗೆ ಇದನ್ನು ಹೇಳುವಂತಿಲ್ಲ.

ಮುತಾಸಿಮ್ ಮೊದಲ ಸಲ ಬಂದದ್ದು ಕೆಮ್ಮಿಗೆ.
ಎರಡನೆಯ ಸಲವೂ ಕೆಮ್ಮಿಗೇ ಅಂದ, ಕೆಮ್ಮಲಿಲ್ಲ.
ಮೂರನೆಯ ಸಲ ಕಾಗದದ ಪೊಟ್ಟಣದಲ್ಲಿ ಖರ್ಜೂರ ತಂದು
ಬೀಜ ತೆಗೆದೇ ಕೊಟ್ಟ.
ಆಗ ಅವನ ವೀಸಾಕ್ಕೆ ಇನ್ನೂ ಹನ್ನೊಂದು ತಿಂಗಳ ಆಯುಷ್ಯ.

ಈಗ ಮೀರಿ ನಾನೂರಾ ಆರು ದಿನ.
ಲೆಕ್ಕ ಅವನಿಗಿಂತ ನನಗೇ ಗಟ್ಟಿ.
ನಾಕಾಬಂದಿಯ ರಾತ್ರಿಗಳಲ್ಲಿ
ಚೌಕಕ್ಕೆ ಮೊದಲೇ ನನ್ನ ಸ್ಕೂಟರಿನಿಂದ ಇಳಿದು
ಒಳಗಲ್ಲಿಯಿಂದ ನಡೆದು ಬರುತ್ತಾನೆ.
ಆಚೆ ಹಾಲಿನಂಗಡಿಯ ಮುಂದೆ ನಾನು
ಬೇಡದ ಮೊಸರು ಕೊಂಡು ನಿಂತಿರುತ್ತೇನೆ.
ಮನೆಯಲ್ಲಿ ಮೊಸರು ಬಹಳವಾಗಿದೆ.

ಮದುವೆ ನೋಂದಣಿ ಕಚೇರಿಯ ಬಾಯಿಯದು ಅಂದು ಉಪವಾಸ.
ಸಾಬುದಾಣಿ ಡಬ್ಬಿ ಸರಿಸಿ ಅರ್ಜಿ ತಿರುವಿದಳು.
ವೀಸಾ?
ಮುಗಿದಿದೆ.
ಮಗ?

ಮರಾಠಿಯ ಮಗ ಎಂದರೆ ಆಮೇಲೆ.
ಪುಣೆಗೆ ಬಂದ ಹೊಸದರಲ್ಲಿ ಅವ್ವ
ಯಾರು ಹಾಗಂದರೂ, ಯಾರ ಮಗ, ಎಂದು ಕೇಳುತ್ತಿದ್ದಳು.

ಮೊದಲು ದಂಡ ಕಟ್ಟಲಿ,
ದೇಶ ಬಿಡುವ ಪರವಾನಗಿ ಮಾಡಿಸಲಿ, ಹೋಗಲಿ,
ಹೊಸ ವೀಸಾ ಹಿಡಿದು ತಿರುಗಿ ಬರಲಿ,
ಮಗ ಲಗ್ನ, ಅಂದಳು.
ಹೋಗುವುದೆಲ್ಲಿಗೆಂದು ಅವಳೂ ಕೇಳಲಿಲ್ಲ,
ನಾವೂ ಹೇಳಲಿಲ್ಲ.

ಕಾಯಂ ವಿಳಾಸದ ಕಲಮಿನಲ್ಲಿ ಅವನು ಬರೆದದ್ದು
ಒಮ್ದುರ್ಮಾನಿನ ಒಂದು ಮನೆ.
ನೆರೆಯವ ಕಳಿಸಿದ ಫೋಟೋದಲ್ಲಿ
ಬಾಗಿಲು ನಿಂತಿದೆ, ಬೀಗ ಹಾಕಿಕೊಂಡು.
ಎರಡೂ ಬದಿಗೆ ಗೋಡೆಯಿಲ್ಲ.
ನಾನು ಬರೆದದ್ದು ಕೃಷ್ಣೆಯ ದಂಡೆಯ ಮನೆ,
ತಾಲೂಕು ಬಾಗಲಕೋಟಿ.
ನನಗೆ ನಾಲ್ಕು ತುಂಬಿದಾಗ ಹಿನ್ನೀರು ಏರಿ
ನಮ್ಮ ಒಲೆಯ ಮೇಲೀಗ ಮೀನು ತಿರುಗಾಡುತ್ತವೆ.

ಎರಡೂ ಇಲ್ಲದ ಮನೆಗಳು.
ನನ್ನದಕ್ಕೆ ಶಿಕ್ಕಾ ಬಿತ್ತು.
ಅವನದರ ಸುತ್ತ ಪೆನ್ಸಿಲಿನಲ್ಲಿ
ಬಾಯಿ ಒಂದು ಗುಂಡು ಹಾಕಿದಳು, ಮೆಲ್ಲಗೆ,
ಅಳಿಸಿದರೆ ಹೋಗುವ ಹಾಗೆ.

ಆ ಸಂಜೆ ಅವ್ವನ ಮುಂದೆ ಕೂರಿಸಿದೆ.
ಅವಳು ವೀಸಾ ಕೇಳಲಿಲ್ಲ, ಜಾತಿಯನ್ನು ಕಣ್ಣಲ್ಲೇ ಕೇಳಿ ನುಂಗಿದಳು.
ಯಾರ ಮಗಾ ಅಂವ?
ಸಿಹಾಮ್ ಅಂತ, ಸಾಲಿ ಕಲಸ್ತಿದ್ದಾಕಿ, ಆಕಿ ಮಗಾ.
ಹೊಳಿ ಐತೇನ ಅವರೂರಾಗ?
ಎರಡು ಅದಾವಬೇ.
ಮನಿ ನೀರಿಗಿ ಹೋತೇನು?
ಬೆಂಕಿಗಿ.
ಅವ್ವ ಎದ್ದು ಇನ್ನೊಂದು ರೊಟ್ಟಿ ಬಡಿದಳು.
ಮೊಸರೂ ಬಡಿಸಿದಳು, ಬೇಕಾದಷ್ಟು.

ಮುಳುಗುವ ಮೊದಲು ಅಪ್ಪ ಕಿತ್ತು ತಂದ ತಲಬಾಗಿಲು
ಈ ಚಾಳಿನ ಕೋಣೆಯಲ್ಲಿ ಇಟ್ಟಂಗಿಗಳ ಮೇಲೆ ಮಲಗಿ
ಮಂಚವಾಗಿ ಇಪ್ಪತ್ತನಾಲ್ಕು ವರ್ಷ.
ಚಿಲಕ ನನ್ನ ತಲೆದಿಂಬಿನ ಅಡಿಗೆ.
ಮುತಾಸಿಮ್ ಕೌದಿ ಸರಿಸಿ, ಕೀಲಿಯ ತೂತು ಹುಡುಕಿ,
ಕೊರಳ ದಾರದಲ್ಲಿದ್ದ ತನ್ನ ಮನೆಯ ಕೀಲಿ ಇಟ್ಟು ತಿರುವಿದ.
ಹತ್ತಲಿಲ್ಲ.

ಸೋಮವಾರ ಕಮಿಷನರ್ ಕಚೇರಿಗೆ ನಾವೇ ಹೋಗುತ್ತೇವೆ,
ಹಿಡಿಯುವ ಮೊದಲು, ನಮ್ಮ ಕಾಲ ಮೇಲೆ.
ಒಂದು ಚೀಲಕ್ಕೆ ಅವನ ಬಟ್ಟೆ ತುಂಬಿದ್ದೇನೆ,
ತಾರೀಖು ನೋಡಿ ಕೆಮ್ಮಿನ ಔಷಧಿಯನ್ನೂ.
ಮುಂದೇನೋ, ಮಗ ಏನೋ.

ಅವ್ವ ಮಾತ್ರ ಆ ತೂತನ್ನೇ ನೋಡುತ್ತ ಕೂತಿದ್ದಳು.
ಕಬ್ಬಣ ತುಕ್ಕ ಹಿಡದೇತಿ, ಅಷ್ಟ, ಅಂದಳು,
ಎಣ್ಣಿ ಬಿಟ್ಟ ನೋಡ್ರಿ.