ಇಳಿಜಾರು ನೋಡಿ

ಬೆಳಗ್ಗೆ ಐದೂ ಕಾಲು. ಕೀ ತಿರುಗಿಸಿದರೆ
ಟಕ್.
ಇನ್ನೊಮ್ಮೆ. ಟಕ್ ಟಕ್ ಟಕ್,
ಗೋಡೆಯ ಹಲ್ಲಿ ಲೊಚಗುಟ್ಟಿದ ಹಾಗೆ:
ಇವತ್ತೂ ಇಲ್ಲ ಎಂಬುದು ಸತ್ಯವಂತೆ.

ಕುಲಶೇಖರದಲ್ಲಿ ಗ್ರೆಟ್ಟಾ ಬಾಯಿ
ರಾತ್ರಿ ಎಂಟರಿಂದ ಒಂದು ಗುಟುಕು ಗಂಜಿ ಮುಟ್ಟದೆ
ತೋಳು ಮಡಚಿ ಕೂತಿರುತ್ತಾರೆ ನನ್ನ ಸೂಜಿಗಾಗಿ.
ಮರೋಳಿಯ ದೂಮಣ್ಣನಿಗೆ ಚಾ ಇಲ್ಲದೆ ತಲೆ ಸಿಡಿಯುತ್ತಿರುತ್ತದೆ.
"ಹೊರಟೆ, ಹೊರಟೆ, ಪಂಪ್‌ವೆಲ್‌ನಲ್ಲಿ ಬ್ಲಾಕು," ಎನ್ನುತ್ತೇನೆ ಫೋನಿನಲ್ಲಿ.
ಈ ಹೊತ್ತಿಗೆ ಪಂಪ್‌ವೆಲ್‌ನಲ್ಲಿ ನಾಯಿಯೂ ಇರುವುದಿಲ್ಲ
ಎಂದು ಅವರಿಗೆ ಗೊತ್ತು.

ಒಂದೂವರೆ ವರ್ಷದಲ್ಲಿ ಮೂರು ಬ್ಯಾಟರಿ.
ಒಬ್ಬ ಆಲ್ಟರ್ನೇಟರ್ ಅಂದ.
ಒಬ್ಬ ಉಪ್ಪುಗಾಳಿ, ವಯರೆಲ್ಲ ಕಿಲುಬು, ಅಂದ.
ಶೋರೂಮಿನವನು ಕಂಪ್ಯೂಟರ್ ಚುಚ್ಚಿ, ಏನೂ ಇಲ್ಲ ಮೇಡಂ,
ಎಂದು ಏನೂ ಇಲ್ಲದ್ದಕ್ಕೆ ಬಿಲ್ಲು ಕೊಟ್ಟ.
ಈ ನಡುವೆ ಬ್ರೇಕು ಒತ್ತಿದರೆ ವೈಪರು ಏಳುತ್ತದೆ,
ಬಲದ ಇಂಡಿಕೇಟರಿಗೆ ರೇಡಿಯೋ ಕೆಮ್ಮುತ್ತದೆ,
ಒಂದು ರಾತ್ರಿ ಎರಡು ಗಂಟೆಗೆ ತಾನಾಗಿ ಹಾರ್ನು ಕೂಗಿ
ಮೇಲಿನ ಮನೆಯ ಆಡಿಟರು ಲುಂಗಿಯಲ್ಲೇ ಇಳಿದು ಬಂದರು.

ಹಾಗಾಗಿ ಈ ಊರನ್ನು ನಾನು ಇಳಿಜಾರಿನಿಂದ ಕಲಿತೆ.
ಬಾವುಟಗುಡ್ಡ: ಚಿನ್ನ.
ಬೆಂದೂರು: ಆದೀತು, ಎದುರು ಬಸ್ಸು ಬಾರದಿದ್ದರೆ.
ಬಂದರು, ಕುದ್ರೋಳಿ: ಸಪಾಟು, ದೇವರೇ ಗತಿ.
ಮೂತಿ ಕೆಳಗೆ ಮಾಡಿ ನಿಲ್ಲಿಸು, ಚಕ್ರಕ್ಕೆ ಮುರಕಲ್ಲು ಕೊಡು,
ರಕ್ತ ತೆಗೆದು ಬಂದು ಕಲ್ಲು ತೆಗೆ,
ಸೆಕೆಂಡ್ ಗೇರು, ಉರುಳಲಿ, ಉರುಳಲಿ, ಈಗ ಕ್ಲಚ್ಚು ಬಿಡು.
ಮೈ ಜಾಡಿಸಿ ಏಳುತ್ತದೆ ಮುದಿ ಎಮ್ಮೆ.
ಹಿಂದಿನ ಸೀಟಿನ ಐಸು ಡಬ್ಬಿಯಲ್ಲಿ
ಯಾರ್ಯಾರದೋ ಸಕ್ಕರೆ, ಯಾರ್ಯಾರದೋ ಕೊಬ್ಬು ಕಿಣಿಕಿಣಿ.

ಕಡೆಗೆ ಇದಿನಬ್ಬಣ್ಣನ ಗ್ಯಾರೇಜು.
ಬಾನೆಟ್ಟಿನ ಒಳಗೆ ಬಗ್ಗಿ, ಮೂಸಿ ನೋಡಿದವರಂತೆ,
"ಎಲ್ಲೋ ಕುಡಿತಾ ಉಂಟು ಮಾರಾಯ್ರೆ, ನೀವು ಮಲಗಿದ ಮೇಲೆ."
ಮೀಟರಿನ ಮುಳ್ಳು ನೋಡುತ್ತ, ಮಗ್ರಿಬಿನ ಬಾಂಗಿನ ತನಕ
ಒಂದೊಂದೇ ಫ್ಯೂಸು ಕಿತ್ತು, ನೋಡಿ, ಮತ್ತೆ ಸಿಕ್ಕಿಸಿದರು.
ಆ ತಾಳ್ಮೆ ನನಗೆ ಗೊತ್ತು.
ನರ ಸಿಗದ ತೋಳಿನಲ್ಲಿ ಬೆರಳ ತುದಿ ಹಾಗೆಯೇ ನಡೆಯುತ್ತದೆ,
ಉಸಿರು ಕಟ್ಟಿ ಅಲ್ಲ, ಬಿಟ್ಟು.
ಹನ್ನೊಂದನೆಯದಕ್ಕೆ ಮುಳ್ಳು ಬಿತ್ತು.
"ಡಿಕ್ಕಿ," ಅಂದರು.

ಒಳಗೆ ಹೋಗಿ ನೋಡದೆ ಹೇಳುವಂತಿಲ್ಲ.
ಸಫ್ವಾನ್ ಉದ್ದದ ಹುಡುಗ, ಮಡಚಿದರೂ ಹಿಡಿಸಲಿಲ್ಲ.
ನಾನೇ ಹತ್ತಿದೆ, ನಲವತ್ತೇಳು ವರ್ಷದವಳು,
ಅಭ್ಯಾಸದಿಂದ ಚಪ್ಪಲಿ ಹೊರಗೆ ಬಿಟ್ಟು.
ಮುಚ್ಚಳ ಬಿತ್ತು.
ಕತ್ತಲಾಗಬೇಕಿತ್ತು.

ಕೆನ್ನೆಯ ಪಕ್ಕದಲ್ಲಿ ಹುಣಸೆಬೀಜದಷ್ಟು ಬಲ್ಬು
ಸ್ಟೆಪ್ನಿಗೆ, ಜಾಕಿಗೆ, ತುಕ್ಕು ಹಿಡಿದ ಪಾನಕ್ಕೆ,
ಬಸ್ಸಿನಲ್ಲಿ ಬಿಟ್ಟೆನೆಂದುಕೊಂಡಿದ್ದ ನನ್ನ ನೀಲಿ ಕೊಡೆಗೆ
ಬೆಳಕು ಹಿಡಿದು ಕೂತಿತ್ತು.
ಒಂದೂವರೆ ವರ್ಷ. ಪ್ರತಿ ರಾತ್ರಿ.
ಹೊರಗಿಂದ ತಟ್ಟಿದರು: "ಎಂತ, ಉಂಟಾ, ಇಲ್ವಾ?"
ಬೈಯಲಿಕ್ಕೆ ಎಷ್ಟೋ ಕೂಡಿಟ್ಟಿದ್ದೆ ನಾನು.
ಬಲ್ಬು ಮುಟ್ಟಿದೆ. ಜ್ವರದ ಮಗುವಿನ ಹಣೆಯಷ್ಟು ಬಿಸಿ.
"ಉಂಟು," ಅಂದೆ, ಸ್ವಲ್ಪ ತಡೆದು.

ನಲವತ್ತು ರೂಪಾಯಿಯ ಸ್ವಿಚ್ಚು.
ಮಜೂರಿ ಎಷ್ಟು ಅಂದರೆ ಇದಿನಬ್ಬಣ್ಣ ಗ್ರೀಸಿನ ಕೈ ಒರಸಿ
ತೋಳು ಚಾಚಿದರು: "ನನ್ನ ಶುಗರು ಒಮ್ಮೆ ನೋಡಿಬಿಡಿ."

ಹನ್ನೆರಡು ದಿನ ಆಯಿತು, ಒಂದೇ ಕೀಗೆ ಏಳುತ್ತದೆ.
ವೈಪರಿನದ್ದು ಬೇರೆ ಕಥೆ, ಅದಕ್ಕೆ ಇನ್ನೊಮ್ಮೆ ಬರಬೇಕಂತೆ.
"ಇವತ್ತು ಬ್ಲಾಕು ಇಲ್ವಾ?" ಎಂದರು ಗ್ರೆಟ್ಟಾ ಬಾಯಿ,
ಅವರ ಮುಖ ತೊಳೆದಾಗಿರಲಿಲ್ಲ.
ನಾನು ಮಾತ್ರ ಇನ್ನೂ
ಇಳಿಜಾರು ನೋಡಿಯೇ ನಿಲ್ಲಿಸುತ್ತೇನೆ.
ಕಲ್ಲು ಸೀಟಿನ ಅಡಿಯಲ್ಲಿ ಉಂಟು.