ದಿಂಬಿನ ಮಟ್ಟಕ್ಕೆ

ಕೋಲಾರದ ಬೈಪಾಸಿನ ಶೋರೂಮಿಗೆ
ಟೇಪು ಕೊರಳಲ್ಲೇ ಬಂದಿತ್ತು.
ಮೂವತ್ತೊಂದು ವರ್ಷದ ಚಾಳಿ, ತೆಗೆಯಲು ಮರೆತಿದ್ದೆ ಅನ್ನಿ.
ಶ್ರೀನಿವಾಸಪುರದ ಅರ್ಧ ಊರಿನ ಎದೆ, ಸೊಂಟ, ತೋಳು
ಈ ಹಳದಿ ಪಟ್ಟಿಗೆ ಬಾಯಿಪಾಠ.

‘ಸ್ಕೂಲಿಗಾ ಮೇಡಂ, ಕಂಪನಿಗಾ? ಎಷ್ಟು ಸೀಟು?’
ಫೈರೋಜ್ ಎಂಬ ಹುಡುಗ, ಕೈಯಲ್ಲಿ ಹೊಳೆಯುವ ಹಾಳೆ.
‘ಮುಂದೆ ಎರಡಿದ್ದರೆ ಸಾಕಪ್ಪ.
ಹಿಂದೆ ನಾವು ಮಲಗಬೇಕು.’
ಹಾಲಿಗೆ, ಹೂವಿಗೆ, ಟೊಮೆಟೊ ಕ್ರೇಟಿಗೆ,
ದಿಬ್ಬಣದ ಬೀಗರಿಗೆ,
ಎಲ್ಲಕ್ಕೂ ಅವನ ಹಾಳೆಯಲ್ಲಿ ಒಂದೊಂದು ಮನೆ ಇತ್ತು.
ಮಲಗುವುದಕ್ಕೆ ಇರಲಿಲ್ಲ.

ಮೊದಲನೆಯದು ಉದ್ದ, ಆದರೆ ಕುಳ್ಳ.
ಒಳಗೆ ನಿಂತು, ಇಲ್ಲದ ಸೀರೆಗೆ
ಗಾಳಿಯಲ್ಲೇ ನೆರಿಗೆ ಹಿಡಿದು ನೋಡಿದೆ.
ತಲೆ ತಗ್ಗಿಸಿ ಹಿಡಿದ ನೆರಿಗೆ
ಒಂದೂ ನೆಟ್ಟಗೆ ಬೀಳುವುದಿಲ್ಲ.
ಬೇಡ. ಬಗ್ಗಿ ಬಗ್ಗಿ ಹೊಲಿದದ್ದೇ ಸಾಕು.

ಎರಡನೆಯದು ಆಳೆತ್ತರದ ಮೇಲೆ ಒಂದು ಗೇಣು.
ಟೇಪು ಐದೇ ಅಡಿ,
ನಡುವೆ ಸೀಮೆಸುಣ್ಣದ ಗೆರೆ ಎಳೆದು ಮತ್ತೆ ಹಿಡಿದೆ.
‘ಹೊಸ ಗಾಡಿ ಮೇಡಂ!’
‘ಒರೆಸಿದರೆ ಹೋಗುತ್ತೆ ಬಿಡೋ.’
ಒಳ್ಳೆಯ ಮೈಕಟ್ಟಿನ ಗಿರಾಕಿ:
ಬೆನ್ನು ಅಗಲ, ಕಿಟಕಿಯಿಲ್ಲದ ನುಣುಪು ಪಕ್ಕೆ,
ಚಕ್ರದ ಗೂಡು ಮಾತ್ರ ಎರಡು ಕಡೆ ಉಬ್ಬು;
ಅಲ್ಲಿ ಡಾರ್ಟ್ ಹಿಡಿದ ಹಾಗೆ ಪೆಟ್ಟಿಗೆ ಕೂರಿಸಬಹುದು.
ಸ್ಟೌ ಬಾಗಿಲ ಬದಿಗೆ, ಒಗ್ಗರಣೆಯ ಘಾಟು ಊರಿಗೇ ಹೋಗಲಿ.
ಚಪ್ಪಲಿ ಬಿಟ್ಟು ನೆಲದ ಮೇಲೆ ಅಡ್ಡ ಮಲಗಿದೆ.
ನನಗೆ ಸಾಲುತ್ತದೆ, ನಮ್ಮೋರು ಮೊಣಕಾಲು ಮಡಿಸಬೇಕು.
ಉದ್ದಕ್ಕೆ ತಿರುಗಿದೆ.
ಕೈ ಪಕ್ಕಕ್ಕೆ ಚಾಚಿ, ಕಣ್ಣು ಮುಚ್ಚಿ,
ನಿದ್ದೆ ಬರುತ್ತದೋ ಹೇಗೆ ಎಂದು

‘ಲೇ!’

ಕನ್ನಡದಲ್ಲಾದರೆ ಅದು ಹೆಂಡತಿಯನ್ನು ಕೂಗುವ ಒರಟು.
ನಮ್ಮ ಮನೆಯ ತೆಲುಗಿನಲ್ಲಿ, ಏಳು ಎಂದು.
‘ಲೇ, ಅಂಜಿನೀ, ಲೇ!’
ಹಿಂಬಾಗಿಲ ಎರಡೂ ರೆಕ್ಕೆ ಹಿಡಿದು ನಿಂತಿದ್ದರು,
ಒಳಗೆ ಕಾಲಿಡದೆ, ಮುಖ ಸುಣ್ಣ.

ಹತ್ತೊಂಬತ್ತು ವರ್ಷ ಆಸ್ಪತ್ರೆ ಗಾಡಿ ಓಡಿಸಿದವರು.
ಇದೇ ಅಗಲದ ಬಾಗಿಲನ್ನು
ಎಷ್ಟು ಸಲ ತೆಗೆದರೋ, ಎಷ್ಟು ಸಲ ಮುಚ್ಚಿದರೋ.
ಸೈರನ್ ಇಲ್ಲದೆ ಒಂದು ಸಲ ದೂರ ಹೋಗಬೇಕು
ಎಂದು ಈ ಆಸೆ ಹುಟ್ಟಿಸಿದ್ದೂ ಅವರೇ.

ಹೊರಗೆ ಕಟ್ಟೆ. ಪ್ಲಾಸ್ಟಿಕ್ ಲೋಟದಲ್ಲಿ ಟೀ.
ಎದುರಿಗೆ ಅಂತರಗಂಗೆ ಬೆಟ್ಟ, ಬಂಡೆ ಮೇಲೆ ಬಂಡೆ.
‘ಗಾಜಿಗೆ ಬಿಳಿ ಬಳಿದಿರೋರು, ಮಾನಕ್ಕೆ ಅಂತ.
ಮಲಗಿದೋರಿಗೆ ಏನೂ ಕಾಣದು.
ಎಲ್ಲಿಗೆ ಬಂದ್ವಿ ಅಣ್ಣಾ ಅಂತ ಕೇಳೋರು.
ನಾನು ಕೂಗಿ ಹೇಳೋನು,
ಹೋಳೂರು ದಾಟ್ತು, ಕೋಲಾರ ಬಂತು,
ನರಸಾಪುರ, ಇಗೋ ಹೊಸಕೋಟೆ ಟೋಲು.
ಒಂದು ಮುದುಕಿ, ಮಾವು ಹೂ ಬಿಟ್ಟೈತಾ ಅಂತು.
ಬಿಟ್ಟೈತಮ್ಮಾ, ತೋಪೆಲ್ಲಾ ಬಿಟ್ಟೈತೆ, ಅಂದೆ.
ರಾತ್ರಿ ಎರಡು ಗಂಟೆ.
ನನಗೇನು ಕಂಡಿತ್ತು.’

ಟೀ ಆರಿತು.
ಎದ್ದು ಒಳಗೆ ಹೋದರು, ಈ ಸಲ ನಾನು ಹಿಂದೆ.
ಚಪ್ಪಲಿ ಬಿಟ್ಟರು.
ಮಲಗಿದರು, ನಾನು ಮಲಗಿದ್ದಲ್ಲೇ,
ತಗಡಿನ ಕಡೆ ಮುಖ ಹೊರಳಿಸಿ
ಬಹಳ ಹೊತ್ತು ಸುಮ್ಮನೆ.
ಆಮೇಲೆ ಕೈ ಚಾಚಿ ಸೀಮೆಸುಣ್ಣ ಕೇಳಿದರು.
‘ಇಲ್ಲಿ ಕತ್ತರಿಸಬೇಕು. ದಿಂಬಿನ ಮಟ್ಟಕ್ಕೆ.
ಗಾಜು ಚೊಕ್ಕ ಇರಬೇಕು.’

‘ಕತ್ತರಿಸಿದರೆ ವಾರಂಟಿ ಹೋಗುತ್ತೆ ಸಾರ್.’
‘ಹೋಗಲಿ.’
‘ಬಿಳಿಯದು ಇವತ್ತೇ ಇದೆ, ಬೇರೆ ಬಣ್ಣಕ್ಕೆ ಐದು ವಾರ.’
‘ಕಾಯ್ತೀವಿ’ ಅಂದೆವು, ಇಬ್ಬರೂ ಒಂದೇ ಉಸಿರಿಗೆ.
ಫೈರೋಜ್ ತಬ್ಬಿಬ್ಬು.

ಅಡ್ವಾನ್ಸ್ ರಸೀದಿಯ ಬೆನ್ನಿಗೆ ಬರೆದುಕೊಂಡೆ:
ಅಗಲ ಹದಿನೆಂಟು, ಎತ್ತರ ಹನ್ನೆರಡು,
ಅಂಚಿಗೆ ಸುತ್ತ ಅರ್ಧ ಇಂಚು ಬಿಟ್ಟು.