ತಡವಾದರೆ ಕೆಡುವಂಥದ್ದು

ಉಪ್ಪಳದಲ್ಲಿ, ಕನ್ನಡಕದಂಗಡಿಯ ಮಾಳಿಗೆ.
ಕಿಟಕಿ ತೆರೆದರೆ ಹೆದ್ದಾರಿಯ ಧೂಳು, ಮುಚ್ಚಿದರೆ ಸೆಕೆ.
ಗೋಡೆಯ ಮೇಲೆ ಆಂಬುಲೆನ್ಸ್ ಕಳಿಸುವ ತಂತ್ರಾಂಶದ ನಕ್ಷೆ:
ಚೌಕ, ಚೌಕ, ಬಾಣ, ಮತ್ತೊಂದು ಚೌಕ.
ಕಟ್ಟಿದವರು ಹುಡುಗರು. ತೂಗಿ ನೋಡಲು ಬಂದವನು ನಾನು.

ನನ್ನ ಕಸುಬು ನಿಂತದ್ದೇ ಒಂದು ಪ್ರತ್ಯಯದ ಮೇಲೆ: ಅರೆ.
ಕರೆಂಟು ಹೋದರೆ? ಒಮ್ಮೆಗೇ ನೂರು ಕರೆ ಬಂದರೆ?
ಸರ್ವರ್ ಮುಗ್ಗರಿಸಿದರೆ?
ಹುಡುಗರು ಎಲ್ಲಕ್ಕೂ ಉತ್ತರ ಕಲಿತು ಬಂದಿದ್ದರು.
ನಾನೂ ಹೋದ ವರ್ಷದ ಪ್ರಶ್ನೆಗಳನ್ನೇ
ಇಸ್ತ್ರಿ ಮಾಡಿ ತಂದಿದ್ದೆ.

ಆಮೇಲೆ ತೆರೆದೆ ಮಿಸ್ರಿಯಾ ಕಟ್ಟಿದ ಕಡತ.
ಹದಿನೇಳು ಹಳೆಯ ವರದಿಗಳನ್ನು ಬಿಚ್ಚಿ
ಪದಕ್ಕೂ ಪದಕ್ಕೂ ಇರುವ ನಂಟು ಬರೆದಿದ್ದಳು:
ಇದು ಅದರ ಬಗೆ, ಇದು ಅದರ ಭಾಗ,
ಇದು ಕೆಟ್ಟರೆ ಅದೂ ಕೆಡುತ್ತದೆ.
ಓದಿದವರು ಆಂಟಾಲಜಿ ಅನ್ನುತ್ತಾರೆ.
ಅವಳು ಅನ್ನುವುದು: ಬೂತಾಯಿ, ಮತ್ತಿ, ತಾರ್ಲೆ,
ಮೂರು ಮನೆಯಲ್ಲಿ ಮೂರು ಹೆಸರು, ಮುಳ್ಳು ಮಾತ್ರ ಒಂದೇ.
ಒಬ್ಬ 'ವಿಳಂಬ' ಎಂದು ಬರೆದದ್ದು, ಒಬ್ಬ 'ಲೇಟು',
ಇನ್ನೊಬ್ಬ ಕೆಂಪು ಶಾಯಿಯಲ್ಲಿ ಬರೀ 'ಕಾದೆವು' ಎಂದದ್ದು
ಎಲ್ಲ ಒಂದೇ ದಾರದಲ್ಲಿ.

'ಆಂಬುಲೆನ್ಸ್' ಎಂದು ಟೈಪಿಸಿದೆ.
ಗಂಟು ಗಂಟಾಗಿ ಮೇಲೆ ಹತ್ತಿತು ಹುಡುಕಾಟ:
ಗಾಡಿ, ಸಾಗಣೆ, ತಡವಾದರೆ ಕೆಡುವಂಥದ್ದು.
ಅಲ್ಲಿಂದ ಇನ್ನೊಂದು ಕೊಂಬೆಗಿಳಿದು ನಿಂತಿತು
ಮೀನು ಸೊಸೈಟಿಯ ಐಸ್ ಲಾರಿಯ ಮುಂದೆ.
ಎಷ್ಟೋ ವರ್ಷದ ಹಿಂದೆ ಯಾರೋ ಕೇಳಿಟ್ಟ ಪ್ರಶ್ನೆ:
ತಲಪಾಡಿ ಗೇಟು ಮುಚ್ಚಿದರೆ?

ಓದಿ ಹೇಳಿದೆ. ಹುಡುಗರು ನಕ್ಷೆಯತ್ತ ತಿರುಗಿದರು.
ಎಲ್ಲ ಬಾಣಗಳೂ ಮಂಗಳೂರಿಗೆ.
ಗಡಿಯೆಂಬುದಕ್ಕೆ ಒಂದು ಚೌಕವೂ ಇರಲಿಲ್ಲ.

ಹಿಂದಿನ ಕುರ್ಚಿಯಲ್ಲಿ ಡ್ರೈವರ್ ಅಂದುಂಞಿ,
ಅಷ್ಟು ಹೊತ್ತೂ ಚಾ ಲೋಟ ತಿರುಗಿಸುತ್ತಿದ್ದವ, ಕೇಳಿದ:
"ಸಾರ್, ನನ್ನ ಪೇಶಂಟೂ ಬೂತಾಯಿಯೂ ಒಂದೇ ಜಾತಿಯಾ?"
ಶಾಸ್ತ್ರ ಹೇಳಲು ಬಾಯಿ ತೆರೆದೆ.
"ಐಸ್ ಪುನಃ ಸಿಗ್ತದೆ," ಅಂದ.
"ಆ ದಿವಸ ಗೇಟಿನ ಎದುರು ನಲವತ್ತು ನಿಮಿಷ.
ಎಂಜಿನ್ ಆಫ್ ಮಾಡ್ಲಿಲ್ಲ.
ಹಿಂದೆ ಕೂತವರು ಗ್ಲಾಸು ತಟ್ತಾ ಇದ್ರು.
ಮತ್ತೆ ತಟ್ಲಿಲ್ಲ."

ಕೆಳಗೆ ಅಂಗಡಿಯವ ಯಾರಿಗೋ ಅಕ್ಷರ ಓದಿಸುತ್ತಿದ್ದ,
ದೊಡ್ಡದರಿಂದ ಚಿಕ್ಕದಕ್ಕೆ.

ಮಿಸ್ರಿಯಾಳ ಕೊಂಬೆಯನ್ನು ಅಲ್ಲಿಯೇ ಎರಡಾಗಿ ಸೀಳಿದೆ:
ತಡವಾದರೆ ಕೆಡುವಂಥದ್ದು, ಮತ್ತೆ ಕೊಳ್ಳಬಹುದಾದ್ದು.
ತಡವಾದರೆ ಕೆಡುವಂಥದ್ದು,
ಅಲ್ಪವಿರಾಮದ ಆಚೆಗೆ ಪದ ಸಿಗಲಿಲ್ಲ. ಹಾಗೇ ಬಿಟ್ಟೆ.

ನಾಳೆ ಬ್ಲಡ್ ಬ್ಯಾಂಕಿನದೋ ಶಾಲೆಯ ಬಸ್ಸಿನದೋ ನಕ್ಷೆ ಹಿಡಿದು
ಯಾರಾದರೂ ಈ ಗಂಟಿಗೆ ಬಂದು ಎಡವಿಯಾರು.
'ಹೇಳಿದವರು' ಎಂಬ ಕಾಲಂ ಖಾಲಿ ಇತ್ತು.
ಪೂರ್ತಿ ಹೆಸರು ಕೇಳಿದೆ.
"ಹೆಸರು ಎಂತಕ್ಕೆ? ತಲಪಾಡಿಯಲ್ಲಿ ನಿಂತವ ಅಂತ ಹಾಕಿ."

ಕಾಲಂ ಅಷ್ಟು ಅಕ್ಷರ ಹಿಡಿಯಲಿಲ್ಲ.
ಕಾಲಂ ಅಗಲ ಮಾಡಿದೆ.